ಮೇಷ್ಟ್ರು ಕೆಟ್ಟಿದ್ದು ಯಾವಾಗ?

ತರಗತಿಯಲ್ಲಿ ರಸಾಯನಶಾಸ್ತ್ರದ ಪಾಠ ನಡೆದಿದೆ. ಮೇಷ್ಟ್ರು ಬನ್ಸೆನ್ ಬರ್ನರಿನ ಜ್ವಾಲೆಯ ಮೇಲೆ ಸೀಸೆಗಳಿಂದ ದ್ರಾವಣ ಚಿಮುಕಿಸುತ್ತಿದ್ದಾರೆ. ಜ್ವಾಲೆಯ ಬಣ್ಣ ಬದಲಾಗುತ್ತದೆ. ರಸಾಯನಶಾಸ್ತ್ರವನ್ನು ದ್ರವ್ಯದ ಅಧ್ಯಯನ ಎನ್ನುತ್ತಾರೆ, ತಮಗೆ ಮಾತ್ರ ಅದು ಬದಲಾವಣೆಯ ಅಧ್ಯಯನ ಎಂದು ಅವರು ಉತ್ಸಾಹದಿಂದ ಹೇಳುತ್ತಾರೆ. ಕೇಳುವವರು ಯಾರು? ಒಬ್ಬ ಹುಡುಗನಿಗೆ ಹುಡುಗಿಯೊಡನೆ ಹರಟುವುದೇ ಮುಖ್ಯ. ಸಂಬಳ ಸಾಲದೆ ಅದೇ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಕಾರು ತೊಳೆಯುವ ಜಾಗದಲ್ಲಿ ಎರಡನೆಯ ಕೆಲಸಕ್ಕೆ ನಿಲ್ಲುತ್ತಾರೆ. ಅಲ್ಲಿ ಮಂಡಿಯೂರಿ ಉಜ್ಜಬೇಕಾಗಿ ಬರುವುದು ಆ ಹುಡುಗನ ಕಾರಿನ ಚಕ್ರವನ್ನೇ.

ಅಮೆರಿಕದ ಎಎಂಸಿ ವಾಹಿನಿಯಲ್ಲಿ 2008ರ ಜನವರಿ 20ರಂದು ಆರಂಭವಾದ 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯ ಮೊದಲ ಕಂತಿನ ದೃಶ್ಯವಿದು. ಮೇಷ್ಟ್ರ ಹೆಸರು ವಾಲ್ಟರ್ ವೈಟ್, ನಟಿಸಿದವರು ಬ್ರಯಾನ್ ಕ್ರಾನ್‌ಸ್ಟನ್. ಊರು ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ. ವಯಸ್ಸು ಐವತ್ತು ತುಂಬುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಗುತ್ತದೆ. ಮನೆಯಲ್ಲಿ ಅಂಗವೈಕಲ್ಯವಿರುವ ಮಗ, ಗರ್ಭಿಣಿ ಹೆಂಡತಿ, ಮೇಲೆ ಸಾಲ. ತಾವು ಸತ್ತ ಮೇಲೆ ಸಂಸಾರದ ಗತಿಯೇನು ಎಂದು ಲೆಕ್ಕ ಹಾಕಿದ ಮೇಷ್ಟ್ರು, ಓದು ತಲೆಗೆ ಹತ್ತದೆ ಹೋಗಿದ್ದ ಹಳೆಯ ಶಿಷ್ಯ ಜೆಸ್ಸಿ ಪಿಂಕ್‌ಮನ್‌ನನ್ನು ಜೊತೆಗೆ ಕಟ್ಟಿಕೊಂಡು ಮಾದಕ ವಸ್ತು ತಯಾರಿಕೆಗೆ ಇಳಿಯುತ್ತಾರೆ. ಅವರ ಷಡ್ಡಕನೋ, ಮಾದಕ ವಸ್ತು ನಿಗ್ರಹ ಇಲಾಖೆಯ ಅಧಿಕಾರಿ!

ಇದು ಚಿಕ್ಕ ಮಕ್ಕಳೆದುರು ಹಾಕಿ ಕೂರುವ ಧಾರಾವಾಹಿಯಲ್ಲ ಎಂಬುದನ್ನು ತಂದೆ ತಾಯಿಯರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಲ್ಲಿ ಅನೇಕರು ಇದನ್ನು ನೋಡಿಯಾಗಿದೆ. ಅವರು ಏನನ್ನು ಕುರಿತು ಇಷ್ಟೊಂದು ವಾದಿಸುತ್ತಾರೆ ಎಂಬುದನ್ನು ತಿಳಿಯಲು ಅಡ್ಡಿಯಿಲ್ಲ.

ಸಾಮಾನ್ಯವಾಗಿ ಕಿರುತೆರೆಯ ನಾಯಕ ಬದಲಾಗುವುದಿಲ್ಲ. ಪೊಲೀಸನು ಪೊಲೀಸನಾಗಿಯೇ ಇದ್ದರೆ ಮುಂದಿನ ವಾರ ಇನ್ನೊಂದು ಕೊಲೆ, ಇನ್ನೊಂದು ತನಿಖೆ ಎಂದು ಬಂಡಿ ಓಡುತ್ತಿರುತ್ತದೆ. ಈ ಧಾರಾವಾಹಿಯ ಕರ್ತೃ ವಿನ್ಸ್ ಗಿಲಿಗನ್ ಅವರಿಗೆ ಬೇಕಾಗಿದ್ದುದು ಬೇರೆ. ಮಿಸ್ಟರ್ ಚಿಪ್ಸ್‌ನನ್ನು ಸ್ಕಾರ್‌ಫೇಸ್ ಆಗಿಸುವುದು ತಮ್ಮ ಉದ್ದೇಶ ಎಂದು ಅವರು ಹೇಳಿಕೊಂಡಿದ್ದರು. ಜೇಮ್ಸ್ ಹಿಲ್ಟನ್‌ನ 1934ರ ಕಾದಂಬರಿಯ ಸಾಧು ಉಪಾಧ್ಯಾಯ ಒಂದು ತುದಿಗೆ, 1983ರ ಚಲನಚಿತ್ರದ ಕ್ರೂರ ಪಾತಕಿ ಇನ್ನೊಂದು ತುದಿಗೆ. ನಡುವೆ ಐದು ಭಾಗ, 62 ಕಂತು. 2013ರ ಸೆಪ್ಟೆಂಬರ್ 29ರಂದು ಕಥೆ ಮುಗಿಯಿತು. ಮೇಷ್ಟ್ರು ಕೆಟ್ಟಿದ್ದು ಯಾವ ಗಳಿಗೆಯಲ್ಲಿ ಎಂಬ ವಾದ ಮಾತ್ರ ಮುಗಿಯಲಿಲ್ಲ.

ಒಂದು ಪಂಗಡ ಮೂರನೆಯ ಕಂತಿನತ್ತ ಬೆರಳು ತೋರಿಸುತ್ತದೆ. ನೆಲಮಾಳಿಗೆಯಲ್ಲಿ ಕಟ್ಟಿಹಾಕಿದ ಪಾತಕಿಯೊಬ್ಬನನ್ನು ಕೊಲ್ಲಬೇಕೋ ಬಿಡಬೇಕೋ ಎಂದು ಮೇಷ್ಟ್ರು ಕಾಗದದ ಮೇಲೆ ಎರಡು ಪಟ್ಟಿ ಬರೆಯುತ್ತಾರೆ, ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯುವ ಹಾಗೆ. ಬಿಡುವುದಕ್ಕೆ ಹಲವು ಕಾರಣ, ಕೊಲ್ಲುವುದಕ್ಕೆ ಒಂದೇ: ಬಿಟ್ಟರೆ ಅವನು ಇಡೀ ಸಂಸಾರವನ್ನು ಮುಗಿಸುತ್ತಾನೆ. ಕೊಂದರು, ನಿಜ. ಆದರೆ ಅದು ಆತ್ಮರಕ್ಷಣೆಯಲ್ಲವೇ ಎಂದು ಎದುರು ಪಂಗಡದವರು ಕೇಳುತ್ತಾರೆ. ಅವರಿಗೂ ಒಂದು ಪಾಯಿಂಟು ಸಿಗುತ್ತದೆ.

ನಿಜವಾದ ತಕರಾರು ಏಳುವುದು ಐದನೆಯ ಕಂತಿನಲ್ಲಿ. ರಕ್ತವಿಲ್ಲ, ಬಂದೂಕಿಲ್ಲ, ಒಂದು ಹುಟ್ಟುಹಬ್ಬದ ಔತಣವಷ್ಟೆ. ಹಿಂದೊಮ್ಮೆ ವಾಲ್ಟರ್ ಗೆಳೆಯನ ಜೊತೆ ಒಂದು ಸಂಸ್ಥೆ ಕಟ್ಟಿ, ತಮ್ಮ ಪಾಲನ್ನು 5,000 ಡಾಲರಿಗೆ ಮಾರಿ ಹೊರಬಂದವರು. ಸಂಸ್ಥೆ ಆಮೇಲೆ ಆಕಾಶಕ್ಕೇರಿತು. ಈಗ ಆ ಗೆಳೆಯ ಒಳ್ಳೆಯ ಆರೋಗ್ಯ ವಿಮೆಯ ಸಮೇತ ಕೆಲಸ ಕೊಡಲು ಮುಂದೆ ಬರುತ್ತಾನೆ. ಅವನ ಹೆಂಡತಿ ಚಿಕಿತ್ಸೆಯ ಖರ್ಚನ್ನು ತಾವೇ ಕೊಡುತ್ತೇವೆ ಎನ್ನುತ್ತಾಳೆ. ವಾಲ್ಟರ್ ಒಲ್ಲೆ ಎನ್ನುತ್ತಾರೆ. ಒಲ್ಲೆ ಎಂದವರು ಮನೆಯಲ್ಲಿ ಹೆಂಡತಿಯ ಮುಂದೆ ಹೇಳುವುದು, ಆ ಗೆಳೆಯನೇ ದುಡ್ಡು ಕೊಡುತ್ತಿದ್ದಾನೆ ಎಂದು!

ಅಲ್ಲಿಗೆ 'ಬೇರೆ ದಾರಿಯೇ ಇರಲಿಲ್ಲ' ಎಂಬ ವಾದ ಬಿದ್ದುಹೋಯಿತು. ದಾರಿ ಬಾಗಿಲಿಗೇ ಬಂದು ನಿಂತಿತ್ತು, ಅಡ್ಡ ಬಂದದ್ದು ಅಹಂಕಾರ. ಅಷ್ಟಾದರೂ ಲಕ್ಷಾಂತರ ವೀಕ್ಷಕರು ಈ ಕಂತನ್ನು ನೋಡಿ, ಪಾಪ ಸ್ವಾಭಿಮಾನಿ ಎಂದುಕೊಂಡು ಮುಂದಕ್ಕೆ ಹೋದರು. ಕನ್ನಡದಲ್ಲಿ ಈ ಕಥೆ ಹೇಳುವವರಿಗೆ ಇನ್ನೊಂದು ತೊಡಕಿದೆ: ಮೇಷ್ಟ್ರನ್ನು ಎಲ್ಲಿಯವರೆಗೆ 'ಅವರು' ಎನ್ನುವುದು? ಬಹುವಚನವನ್ನು ಇಳಿಸಿಡಲು ಈ ಔತಣಕ್ಕಿಂತ ತಕ್ಕ ಜಾಗ ಸಿಗಲಾರದು.

ಮುಂದಿನದಕ್ಕೆ ವಾದವೇ ಬೇಡ ಎನ್ನುವಂತಿದೆ. 2009ರಲ್ಲಿ ಬಂದ ಎರಡನೆಯ ಭಾಗದ ಕೊನೆಗೆ ಜೆಸ್ಸಿಯ ಗೆಳತಿ ಜೇನ್, ಅಮಲಿನ ನಿದ್ದೆಯಲ್ಲಿ ವಾಂತಿ ಗಂಟಲಿಗೆ ಸಿಕ್ಕಿ ಉಸಿರುಗಟ್ಟುತ್ತಾಳೆ. ಪಕ್ಕದಲ್ಲೇ ನಿಂತ ವಾಲ್ಟರ್ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಡುತ್ತಾನೆ. ಮಗ್ಗುಲು ತಿರುಗಿಸಿದ್ದರೆ ಸಾಕಿತ್ತು. ಅವಳು ಅವನನ್ನು ಬೆದರಿಸಿ ದುಡ್ಡು ಕೇಳಿದ್ದಳು ಎಂಬುದು ಅವನ ಪಕ್ಷದವರ ಸಮರ್ಥನೆ. ಮಗಳನ್ನು ಕಳೆದುಕೊಂಡ ತಂದೆ ವಿಮಾನ ಸಂಚಾರ ನಿಯಂತ್ರಕ. ದುಃಖದಲ್ಲಿ ಆತ ಮಾಡಿದ ತಪ್ಪಿನಿಂದ ಎರಡು ವಿಮಾನಗಳು ಊರಿನ ಮೇಲೆಯೇ ಡಿಕ್ಕಿ ಹೊಡೆದು 167 ಜನ ಸಾಯುತ್ತಾರೆ. ಇಷ್ಟು ದೊಡ್ಡ ಕಾಕತಾಳೀಯ ಒಪ್ಪತಕ್ಕದ್ದೇ ಎಂದು ಆಗಲೇ ಜಗಳ ಹತ್ತಿತ್ತು. ಒಪ್ಪದವರ ಮಾತಿನಲ್ಲಿ ಸತ್ಯವಿದೆ, ಧಾರಾವಾಹಿಯಲ್ಲಿ ಕೈವಾಡ ಕಣ್ಣಿಗೆ ಹೊಡೆಯುವ ಕೆಲವೇ ಜಾಗಗಳಲ್ಲಿ ಅದೊಂದು.

ಅಭಿಮಾನಿಗಳ ಪತ್ತೇದಾರಿಕೆಗೆ ಮಾತ್ರ ತಲೆದೂಗಬೇಕು. ಆ ಭಾಗದ 13 ಕಂತುಗಳ ಹೆಸರುಗಳಲ್ಲಿ ನಾಲ್ಕನ್ನು ಮಾತ್ರ ಆರಿಸಿ ಸಾಲಾಗಿ ಓದಿದರೆ '737 ಆಲ್ಬುಕರ್ಕಿಯ ಮೇಲೆ ಉರುಳಿತು' ಎಂಬ ಅರ್ಥ ಬರುತ್ತದೆ. ಅದನ್ನೂ ಅವರು ಬಿಡಿಸಿದರು. 2011ರ ಅಕ್ಟೋಬರಿನಲ್ಲಿ ಜೆಸ್ಸಿಗೆ ಪ್ರಿಯನಾದ ಚಿಕ್ಕ ಹುಡುಗನೊಬ್ಬನಿಗೆ ವಿಷಪ್ರಾಶನವಾಯಿತು. ಹಾಕಿದವರು ಯಾರು? ಅದೇ ಕಂತಿನಲ್ಲಿ ವಾಲ್ಟರ್ ಈಜುಕೊಳದ ಬಳಿ ಕುಳಿತು ಮೇಜಿನ ಮೇಲೆ ಪಿಸ್ತೂಲನ್ನು ಬುಗುರಿಯಂತೆ ತಿರುಗಿಸುತ್ತಾನೆ. ಎರಡು ಸಲ ನಳಿಗೆ ಅವನ ಕಡೆಗೇ ನಿಲ್ಲುತ್ತದೆ, ಮೂರನೆಯ ಸಲ ಕುಂಡದ ಗಿಡವೊಂದರ ಕಡೆಗೆ. ಗಿಡದಲ್ಲೇ ಗುಟ್ಟಿದೆ ಎಂದು ಕೆಲವರು ಆಗಲೇ ಸಾಧಿಸತೊಡಗಿದರು. ಮುಂದಿನ ವಾರ, ಅಕ್ಟೋಬರ್ 9ರ ಕಂತಿನ ಕಟ್ಟಕಡೆಯ ಚಿತ್ರದಲ್ಲಿ ಕ್ಯಾಮೆರಾ ಅವನ ಹಿತ್ತಲಿನ ಗಿಡದ ಹೆಸರುಪಟ್ಟಿಯ ಮೇಲೆ ಹೋಗಿ ನಿಂತಿತು: ಲಿಲಿ ಆಫ್ ದ ವ್ಯಾಲಿ. ವಿಷದ ಗಿಡ. ಮಗು ಬದುಕಿತು, ಮೇಷ್ಟ್ರ ಪಕ್ಷದವರ ಸಂಖ್ಯೆ ಕೊಂಚ ಕರಗಿತು.

2013ರಲ್ಲಿ ಕೊನೆಯ ಎಂಟು ಕಂತುಗಳು ಬರುವಾಗ ವಾಹಿನಿಯೇ 'ಟಾಕಿಂಗ್ ಬ್ಯಾಡ್' ಎಂಬ ಚರ್ಚಾ ಕಾರ್ಯಕ್ರಮವನ್ನು ಆರಂಭಿಸಿತು. ಕೊನೆಯ ಕಂತಿನ ಹೆಸರು 'ಫೆಲಿನಾ'. ಇಂಗ್ಲಿಷಿನ 'ಫಿನಾಲೆ' ಪದದ ಅಕ್ಷರಗಳನ್ನೇ ಹಿಂದುಮುಂದು ಮಾಡಿದರೆ ಆ ಹೆಸರು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಕಬ್ಬಿಣ, ಲಿಥಿಯಂ, ಸೋಡಿಯಂಗಳ ಸಂಕೇತಗಳಾಗಿ ಒಡೆದು, ರಕ್ತ, ಮಾದಕ ವಸ್ತು, ಕಣ್ಣೀರು ಎಂದು ಅರ್ಥ ಹಚ್ಚಿದರು.

ಇಷ್ಟು ಚುರುಕು ಕಣ್ಣಿನವರಿಗೆ ಎದುರಿಗಿದ್ದದ್ದೇ ಕಾಣದೆ ಹೋಯಿತು ಎಂದರೆ ನಂಬುವುದು ಕಷ್ಟ. ವಾಲ್ಟರನ ಹೆಂಡತಿ ಸ್ಕೈಲರ್ ಎಂದರೆ ವೀಕ್ಷಕರಲ್ಲಿ ಬಹಳ ಜನಕ್ಕೆ ಆಗುತ್ತಿರಲಿಲ್ಲ. ಅವಳ ಅಪರಾಧವಾದರೂ ಏನು? ಗಂಡ ರಾತ್ರಿಯೆಲ್ಲ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದಳು. ಸುಳ್ಳನ್ನು ಸುಳ್ಳು ಎಂದಳು. ನಿಜ ಗೊತ್ತಾದಾಗ ಮನೆಯಿಂದ ಹೊರಗೆ ನಡೆ ಎಂದಳು. ಅವಳೇನೂ ಅಪರಂಜಿಯಲ್ಲ. ಕಚೇರಿಯ ಯಜಮಾನನ ಜೊತೆ ಸಂಬಂಧ ಬೆಳೆಸಿದಳು. ಆಮೇಲೆ, ಗಂಡ ಹಿಂದೆ ಚಕ್ರ ಉಜ್ಜಿದ್ದ ಕಾರು ತೊಳೆಯುವ ಅಂಗಡಿಯನ್ನೇ ಕೊಂಡು ಕಳ್ಳದುಡ್ಡಿಗೆ ಲೆಕ್ಕ ಬರೆದಳು. ಆದರೆ ಕೊಲೆಗಾರನಿಗೆ ಸಿಕ್ಕಿದ ಕ್ಷಮೆಯ ಕಾಲು ಭಾಗವೂ ಅವಳಿಗೆ ಸಿಗಲಿಲ್ಲ. ಗಂಡನ ಏಳಿಗೆಗೆ ಅಡ್ಡಗಾಲು, ಬಾಯಿಬಡುಕಿ, ಹೀಗೆ ಬಿರುದುಗಳ ಮೇಲೆ ಬಿರುದು.

ಸಿಟ್ಟು ಪಾತ್ರವನ್ನು ದಾಟಿ ನಟಿಯ ಮೇಲೂ ಹರಿಯಿತು. ಪಾತ್ರ ವಹಿಸಿದ ಆ್ಯನಾ ಗನ್ 2013ರ ಆಗಸ್ಟಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಒಂದು ಲೇಖನವನ್ನೇ ಬರೆದರು. ತಮ್ಮನ್ನು ಕೊಲ್ಲಬೇಕು, ಎಲ್ಲಿ ಸಿಗುತ್ತಾರೆ ಹೇಳಿ ಎಂದು ಅಂತರ್ಜಾಲದಲ್ಲಿ ಒಬ್ಬ ಕೇಳಿದ್ದನ್ನು ಕಂಡು ಬೆಚ್ಚಿದ್ದನ್ನು ಅದರಲ್ಲಿ ಹೇಳಿದ್ದರು. ಗಂಡನ ಎದುರು ನಿಂತ ಹೆಂಗಸನ್ನು ಜನ ಹೇಗೆ ಕಾಣುತ್ತಾರೆ ಎಂಬುದು ಈ ದ್ವೇಷದಲ್ಲಿ ಬಯಲಾಗಿದೆ ಎಂಬುದು ಅವರ ತೀರ್ಮಾನ. ಮುಂದಿನ ತಿಂಗಳೇ ಅವರಿಗೆ ಎಮ್ಮಿ ಪ್ರಶಸ್ತಿ ಬಂತು, 2014ರಲ್ಲಿ ಮತ್ತೆ ಬಂತು.

ಅವರ ತೀರ್ಮಾನ ಸರಿಯೇ. ಆದರೆ ಕಥೆಯ ಕಟ್ಟೋಣದಲ್ಲೂ ಒಂದು ಕಾರಣವಿದೆ. ವಾಲ್ಟರನ ರೋಗ, ಅವನಿಗಾದ ಅವಮಾನ, ಅವನ ಭಯ, ಎಲ್ಲವೂ ವೀಕ್ಷಕನಿಗೆ ಮೊದಲ ಕಂತಿನಿಂದಲೇ ಗೊತ್ತು. ಸ್ಕೈಲರಳಿಗೆ ಗೊತ್ತಿಲ್ಲದ್ದು ವೀಕ್ಷಕನಿಗೆ ಗೊತ್ತು. ಗುಟ್ಟು ತಿಳಿದವನು ಅರ್ಧ ಪಾಲುದಾರನಾದ ಹಾಗೆ. ಅವಳು ಬಾಗಿಲು ತಟ್ಟಿದರೆ ಒಳಗಿರುವ ವಾಲ್ಟರನಂತೆ ಇವನೂ ಬೆವರುತ್ತಾನೆ. ರನ್ನನ 'ಗದಾಯುದ್ಧ'ಕ್ಕೆ ನಾಯಕ ಭೀಮ. ಆದರೆ ಗುರುವಿನ, ತಮ್ಮನ, ಗೆಳೆಯನ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನ ಹಿಂದೆಯೇ ಓದುಗನನ್ನು ನಡೆಸಿದರೆ, ದ್ರೌಪದಿಯ ಬಿಚ್ಚಿದ ಮುಡಿ ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ಬಿ.ಎಂ.ಶ್ರೀ. ಅವರು ಅದನ್ನು ನಾಟಕಕ್ಕೆ ತಂದಾಗ ದುರ್ಯೋಧನನೇ ದುರಂತ ನಾಯಕನಾಗಿ ನಿಂತ. ಯಾರ ಹೆಗಲ ಮೇಲಿಂದ ನೋಡುತ್ತೇವೋ ಅವರ ನೆಪಗಳು ಮೆಲ್ಲನೆ ನೋಡುವವನ ನೆಪಗಳೇ ಆಗಿಬಿಡುತ್ತವೆ.

ಆ ಹೆಗಲಿನಿಂದ ಹಲವರನ್ನು ಕೆಳಗಿಳಿಸಿದವನು ಜೆಸ್ಸಿ. ಮೊದಲ ಭಾಗದಲ್ಲೇ ಇವನನ್ನು ಸಾಯಿಸಿಬಿಡುವ ಯೋಚನೆ ಗಿಲಿಗನ್ ಅವರಿಗಿತ್ತು. ಆರನ್ ಪಾಲ್ ಅವರ ಅಭಿನಯ ಕಂಡು ಆ ಯೋಚನೆ ಕೈಬಿಟ್ಟರು. ಹೀಗೆ ಉಳಿದ ದಡ್ಡ ಶಿಷ್ಯ ಮೇಷ್ಟ್ರ ವಿರುದ್ಧ ದಿಕ್ಕಿಗೆ ಬೆಳೆದ. 2012ರ ಒಂದು ಕಂತಿನಲ್ಲಿ ಅವರ ಕಳ್ಳತನವನ್ನು ಅಕಸ್ಮಾತ್ತಾಗಿ ಕಂಡ ಹುಡುಗನೊಬ್ಬನನ್ನು ಜೊತೆಗಾರನೊಬ್ಬ ಗುಂಡಿಕ್ಕಿ ಕೊಲ್ಲುತ್ತಾನೆ. ಜೆಸ್ಸಿ ಕುಸಿದುಹೋಗುತ್ತಾನೆ. ತನಗೂ ನಿದ್ದೆ ಬರುತ್ತಿಲ್ಲ ಎಂದು ವಾಲ್ಟರ್ ಸಮಾಧಾನ ಹೇಳುತ್ತಾನೆ. ಸ್ವಲ್ಪ ಹೊತ್ತಿನಲ್ಲಿ, ಕೆಲಸ ಮಾಡುತ್ತ ಅವನು ಸಿಳ್ಳೆ ಹಾಕುವುದು ಜೆಸ್ಸಿಯ ಕಿವಿಗೆ ಬೀಳುತ್ತದೆ. ಇಡೀ ಧಾರಾವಾಹಿಯ ಗುಂಡೇಟುಗಳಿಗಿಂತ ಆ ಸಿಳ್ಳೆ ಹೆಚ್ಚು ಭಯಂಕರ.

ಹಾಗಾದರೆ ವಾಲ್ಟರ್ ಬದಲಾದನೋ, ಬಯಲಾದನೋ? ಅಭಿಮಾನಿಗಳ ಎರಡನೆಯ ದೊಡ್ಡ ಜಗಳ ಇದು. ಕ್ಯಾನ್ಸರ್ ಬಾರದಿದ್ದರೆ ಅವನು ಪಾಠ ಹೇಳಿಕೊಂಡೇ ನಿವೃತ್ತನಾಗುತ್ತಿದ್ದ ಎನ್ನುವವರಿದ್ದಾರೆ. ಬೀಜ ಒಳಗೇ ಇತ್ತು, ಮಳೆ ತಡವಾಯಿತು ಅಷ್ಟೆ ಎನ್ನುವವರಿದ್ದಾರೆ. ಕೊನೆಯ ಕಂತಿನಲ್ಲಿ ಅವನೇ ಸ್ಕೈಲರಳ ಮುಂದೆ ನಿಂತು, ಮಾಡಿದ್ದೆಲ್ಲ ಸಂಸಾರಕ್ಕಾಗಿ ಅಲ್ಲ, ತನಗಾಗಿ, ಅದರಲ್ಲಿ ತನಗೆ ಸುಖವಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಐದು ವರ್ಷ ಅವನ ಪರವಾಗಿ ವಕಾಲತ್ತು ಹಾಕಿದವರಿಗೆ ಇದರಷ್ಟು ಇರಿಸುಮುರಿಸು ಇನ್ನೊಂದಿಲ್ಲ. ಕಕ್ಷಿದಾರನೇ ತಪ್ಪೊಪ್ಪಿಕೊಂಡ ಮೇಲೆ ವಕೀಲರ ಗತಿಯೇನು?

ಗಿಲಿಗನ್ ಅವರ ಮನಸ್ಸೂ ಒಂದೆಡೆ ನಿಂತಿಲ್ಲ. ವರ್ಷ ಕಳೆದಂತೆ ವಾಲ್ಟರನ ಮೇಲಿನ ಕನಿಕರ ತಮಗೆ ಕಡಿಮೆಯಾಗಿದೆ ಎಂದು 2022ರಲ್ಲಿ ಹೇಳಿದರು. ಅದೇ ವರ್ಷ ಆಲ್ಬುಕರ್ಕಿಯಲ್ಲಿ ವಾಲ್ಟರ್ ಮತ್ತು ಜೆಸ್ಸಿಯರ ಕಂಚಿನ ಪ್ರತಿಮೆಗಳು ನಿಂತವು. ಮಾದಕ ವಸ್ತು ಮಾರುವವರಿಗೆ ಪ್ರತಿಮೆಯೇ ಎಂಬ ಆಕ್ಷೇಪವೂ ಬಂತು. 2025ರ ಫೆಬ್ರುವರಿಯಲ್ಲಿ ಬರಹಗಾರರ ಸಂಘದ ಪ್ರಶಸ್ತಿ ಸ್ವೀಕರಿಸುವಾಗ ಗಿಲಿಗನ್, ಕೆಟ್ಟವರ ಕಥೆ ಸಾಕು, ಒಳ್ಳೆಯವರನ್ನು ಸೃಷ್ಟಿಸಿ ಎಂದು ಸಹಬರಹಗಾರರನ್ನು ಕೇಳಿಕೊಂಡರು.

ಆದರೆ ವಾದಿಸಿ ವಾದಿಸಿ ಧಾರಾವಾಹಿಯನ್ನು ಎರಡನೆಯ ಸಲ ನೋಡಲು ಕುಳಿತವರ ಮಾತೇ ಬೇರೆ. 2012ರಲ್ಲಿ ಬಂದ ಒಂದು ಕಂತಿದೆ. ವಾಲ್ಟರನ ಐವತ್ತೊಂದನೆಯ ಹುಟ್ಟುಹಬ್ಬ, ತಂಗಿ ಮತ್ತು ಅವಳ ಗಂಡ ಊಟಕ್ಕೆ ಬಂದಿದ್ದಾರೆ. ಅವನು ತನ್ನ ಕಾಯಿಲೆಯ ವರ್ಷವನ್ನು ಕುರಿತು ಭಾವುಕನಾಗಿ ಮಾತನಾಡುತ್ತಿರುವಾಗ ಸ್ಕೈಲರ್ ಎದ್ದು, ಉಟ್ಟ ಬಟ್ಟೆಯಲ್ಲೇ ಈಜುಕೊಳದ ಮೆಟ್ಟಿಲಿಳಿದು ನೀರಿನೊಳಗೆ ಮುಳುಗುತ್ತಾಳೆ. ಮೊದಲ ಸಲ ನೋಡಿದಾಗ, ಇವಳದ್ದು ಶುರುವಾಯಿತು ಎಂದು ಗೊಣಗಿದವರು ಎಷ್ಟೋ ಜನ. ಎರಡನೆಯ ಸಲ ಲೆಕ್ಕ ಕಾಣುತ್ತದೆ. ತಲೆ ಕೆಟ್ಟವಳಂತೆ ಕಂಡರೆ ಮಾತ್ರ ಎರಡು ಮಕ್ಕಳನ್ನೂ ತಂಗಿ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ, ಆ ಮನೆಯಿಂದ ಮಕ್ಕಳನ್ನು ದಾಟಿಸಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ. ಮಕ್ಕಳು ಹೋದರು. ಅವಳು ಗಂಡನ ಜೊತೆ ಅದೇ ಮನೆಯಲ್ಲಿ ಉಳಿದಳು.