ಹುಚ್ಚಾಸ್ಪತ್ರೆಯಲ್ಲಿ, ಅದೂ ಕೊಲೆಗಾರರ ನಡುವೆಯೇ?

ಮಗಳು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಾಗ ಸಿಹಿ ಹಂಚುವ ನಾವು, ಮಾನಸಿಕ ಆಸ್ಪತ್ರೆಯಲ್ಲಿ ಫೊರೆನ್ಸಿಕ್ ಸೈಕಾಲಜಿಸ್ಟ್ ಆಗುತ್ತೇನೆಂದು ಅವಳು ಹೇಳಿದೊಡನೆ ಮುಖ ಗಂಟಿಕ್ಕುತ್ತೇವೆ. ಹುಚ್ಚಾಸ್ಪತ್ರೆಯಲ್ಲಿ, ಅದೂ ಕೊಲೆಗಾರರ ನಡುವೆಯೇ ಎಂಬುದು ಮೊದಲ ಪ್ರಶ್ನೆ. ಅಪರಾಧಿಗಳನ್ನು ಹುಚ್ಚರೆಂದು ಹೇಳಿ ಬಿಡಿಸುವ ಕೆಲಸದ ಸಂಬಳ ಹಲಾಲೇ ಎಂಬುದು ಎರಡನೆಯದು. ಮೊದಲನೆಯದು ಹೆತ್ತವರ ಭಯ, ಅದನ್ನು ಗೌರವಿಸೋಣ. ಎರಡನೆಯದು ಶುದ್ಧ ಅಜ್ಞಾನ. ನಮ್ಮ ಧರ್ಮದ ಬಗ್ಗೆಯೂ ಅಜ್ಞಾನ, ಈ ದೇಶದ ಕಾನೂನಿನ ಬಗ್ಗೆಯೂ ಅಜ್ಞಾನ.

ಮಗು ಪ್ರೌಢವಾಗುವವರೆಗೆ, ನಿದ್ರಿಸುವವನು ಎಚ್ಚರಗೊಳ್ಳುವವರೆಗೆ, ಬುದ್ಧಿ ಕಳೆದುಕೊಂಡವನು ಸ್ವಸ್ಥನಾಗುವವರೆಗೆ ಲೇಖನಿ ಎತ್ತಲ್ಪಟ್ಟಿದೆ ಎಂಬ ಹದೀಸನ್ನು ನಾವು ಮದ್ರಸದಲ್ಲೇ ಕಲಿತವರು. ತಾನಾಗಿಯೇ ಬಂದು ತಪ್ಪೊಪ್ಪಿಕೊಂಡ ಮಾಇಝ್‌(ರ)ರ ಕುರಿತು ತೀರ್ಪು ನೀಡುವ ಮುನ್ನ ಅವರ ಬುದ್ಧಿ ಸ್ವಸ್ಥವಾಗಿದೆಯೇ ಎಂದು ಪ್ರವಾದಿ(ಸ)ರು ವಿಚಾರಿಸಿದ್ದರು. ಆ ವಿಚಾರಣೆಯನ್ನು ಇಂದು ಯಾರಾದರೂ ಮಾಡಬೇಕಲ್ಲವೇ? 1354ರಲ್ಲಿ ಅಲೆಪ್ಪೊದಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ ಮನೋರೋಗಿಗಳನ್ನು ಉಪಚರಿಸುತ್ತಿದ್ದರೆಂದು ವೇದಿಕೆಗಳಲ್ಲಿ ಹೆಮ್ಮೆಪಡುವ ನಾವೇ ನಮ್ಮ ಮಕ್ಕಳನ್ನು ಅಂಥ ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆಳೆಯುತ್ತಿದ್ದೇವೆ.

ಇನ್ನು ಕಾನೂನು. ಹಿಂದೆ ಭಾರತೀಯ ದಂಡ ಸಂಹಿತೆಯ 84ನೇ ಕಲಮಿನಲ್ಲಿದ್ದ, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿರುವ ವಿನಾಯಿತಿ ಬಹಳ ಇಕ್ಕಟ್ಟಾದುದು. ಕಾಯಿಲೆ ಇದ್ದರಷ್ಟೇ ಸಾಲದು. ತಾನೇನು ಮಾಡುತ್ತಿದ್ದೇನೆ, ಅದು ತಪ್ಪೇ ಎಂದು ತಿಳಿಯುವ ಶಕ್ತಿ ಆ ಕ್ಷಣದಲ್ಲಿ ಇರಲಿಲ್ಲವೆಂದು ಆರೋಪಿಯೇ ತೋರಿಸಿಕೊಡಬೇಕು. ಮನಶ್ಶಾಸ್ತ್ರಜ್ಞರು ಯಾರನ್ನೂ ಬಿಡಿಸುವುದಿಲ್ಲ. ಅವರು ಪರೀಕ್ಷೆಗಳನ್ನು ನಡೆಸುತ್ತಾರೆ, ಮನೆಯವರನ್ನು ಮಾತನಾಡಿಸುತ್ತಾರೆ, ಜೈಲಿನ ದಾಖಲೆ ಓದುತ್ತಾರೆ, ಹುಚ್ಚಿನ ನಟನೆಯಿದ್ದರೆ ಅದನ್ನೂ ಬರೆಯುತ್ತಾರೆ. ನೀನು ಹೇಳುವುದು ನ್ಯಾಯಾಲಯಕ್ಕೆ ಹೋಗಬಹುದು ಎಂದು ರೋಗಿಗೆ ಮೊದಲೇ ತಿಳಿಸುತ್ತಾರೆ. ತೀರ್ಪು ನ್ಯಾಯಾಧೀಶರದ್ದು. ಈ ಕಾರಣದಿಂದ ಖುಲಾಸೆಯಾದವನೂ ನೇರವಾಗಿ ಮನೆಗೆ ಹೋಗುವಂತಿಲ್ಲ. ಒಂದೋ ಸುರಕ್ಷಿತ ಬಂಧನ, ಇಲ್ಲವೇ ಹೊಣೆ ಹೊತ್ತ ಬಂಧುಗಳ ವಶ.

ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆ ಎಂದು ಕೂಗುವವರು ಅಸ್ಸಾಮಿನ ಮಚಾಂಗ್ ಲಾಲುಂಗ್ ಹೆಸರು ಕೇಳಿದ್ದಾರೆಯೇ? 1951ರಲ್ಲಿ ಬಂಧಿತರಾದ ಅವರನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. ಅವರು ಸ್ವಸ್ಥರಾಗಿದ್ದಾರೆಂದು 1967ರಲ್ಲಿ ವೈದ್ಯರು ಬರೆದುಕೊಟ್ಟರು. ಮನೆಗೆ ಹೋಗಬೇಕಿದ್ದವರು ಜೈಲಿಗೆ ಹೋದರು. ವಿಚಾರಣೆ ನಡೆಯಲೇ ಇಲ್ಲ. 2005ರಲ್ಲಿ ಒಂದು ರೂಪಾಯಿಯ ಬಾಂಡಿನ ಮೇಲೆ ಬಿಡುಗಡೆಯಾದಾಗ 54 ವರ್ಷಗಳು ಕಳೆದಿದ್ದವು. ವರದಿ ಬರೆದವರಿದ್ದರು, ಅದರ ಬೆನ್ನು ಹತ್ತಿದವರಿರಲಿಲ್ಲ. ಈ ವೃತ್ತಿಗೆ ಜನ ಕಡಿಮೆಯಾದಷ್ಟೂ ಇಂಥ ಕಡತಗಳ ಮೇಲೆ ಧೂಳು ಹೆಚ್ಚುತ್ತದೆ.

ಭಯದ ವಿಷಯಕ್ಕೆ ಬರೋಣ. ವಿಚಾರಣಾಧೀನ ಕೈದಿ ಬರುವುದು ಪೊಲೀಸ್ ಕಾವಲಿನಲ್ಲಿ. ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ, ಆದರೆ ಅಪಾಯ ತುರ್ತುಚಿಕಿತ್ಸಾ ಘಟಕದ ವೈದ್ಯರಿಗೂ ಇದೆ. ಅಳಿಯ ಅಲ್ಲಿ ವೈದ್ಯನೆಂದರೆ ನಾವು ಎದೆಯುಬ್ಬಿಸುತ್ತೇವೆ.

ನಮ್ಮದೇ ಊರಿನ ಒಬ್ಬ ತಾಯಿ ತನ್ನ ಕೂಸನ್ನು ಬಾವಿಗೆ ಹಾಕಿದಳೆಂದುಕೊಳ್ಳಿ. ಜಿನ್ನ್ ಹೇಳಿತು ಎನ್ನುತ್ತಾಳೆ. ಜಿನ್ನ್‌ಗಳಿವೆ ಎಂಬ ನಂಬಿಕೆ ನಮ್ಮೆಲ್ಲರದ್ದು, ಅದು ರೋಗವಲ್ಲ. ಅವಳ ಕಿವಿಗೆ ಹಗಲಿರುಳು ಕೇಳಿಸುತ್ತಿದ್ದ ದನಿ ರೋಗ. ಇವೆರಡರ ನಡುವಿನ ಗೆರೆಯನ್ನು ಗುರುತಿಸಬೇಕಾದವರಿಗೆ ನಮ್ಮ ಮನೆಯೊಳಗಿನ ಮಾತು ತಿಳಿದಿರಬೇಕು. ಅವಳು ಬ್ಯಾರಿಯಲ್ಲಿ ಅಥವಾ ದಖನಿಯಲ್ಲಿ ಅಳುತ್ತಾ ಹೇಳುವುದನ್ನು ಮೇಜಿನ ಆಚೆ ಕುಳಿತು ಕೇಳಿಸಿಕೊಳ್ಳಬಲ್ಲ ಹುಡುಗಿಯನ್ನೇ ನಾವು ಬೇಡವೆಂದು ಮನೆಯಲ್ಲಿ ಕೂರಿಸಿದ್ದೇವೆ.