ಸೈಬರ್ ಸರಣಿ, ಭಾಗ 4: ‘ಆಮೇಲೆ’ ಅನ್ನೋ ಬಟನ್

“ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡಿ” ಅಂತ ಲ್ಯಾಪ್‌ಟಾಪ್ ಕೇಳಿದಾಗ ನಮ್ಮಲ್ಲಿ ಬಹಳ ಜನ ಒತ್ತೋದು ಒಂದೇ ಬಟನ್: ‘ಆಮೇಲೆ’. ಯಾಕೆ ಅಂದ್ರೆ, “ನನ್ನ ಲ್ಯಾಪ್‌ಟಾಪ್‌ನಲ್ಲಿ ಕದಿಯೋಕೆ ಏನಿದೆ ಗುರು? ಎರಡು ಸಿನಿಮಾ, ನಾಲ್ಕು ಅಸೈನ್‌ಮೆಂಟ್!” ಅಂತಾರೆ. ಈ ಮಾತನ್ನ ನಾನು ಒಪ್ಪಲ್ಲ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ 👇

🔒 ರಾನ್ಸಮ್‌ವೇರ್ ನಿಮ್ಮ ಫೈಲ್‌ಗಳಿಗೆ ಬೀಗ ಜಡಿದು, ಬೀಗದ ಕೈಗೆ ದುಡ್ಡು ಕೇಳುತ್ತೆ. ಆ ಫೈಲ್ ಬೇರೆ ಯಾರಿಗೂ ಬೇಕಾಗಿಲ್ಲ, ನಿಮಗೆ ಬೇಕಾಗಿದ್ರೆ ಸಾಕು. ವೈವಾ ಹಿಂದಿನ ರಾತ್ರಿ ಪ್ರಾಜೆಕ್ಟ್ ರಿಪೋರ್ಟ್ ಓಪನ್ ಆಗದಿದ್ರೆ ಅದರ ಬೆಲೆ ಎಷ್ಟು? ನೀವೇ ಹೇಳಿ.

🗓️ ಈಗ ಒಂದು ಲೆಕ್ಕ. ವಿಂಡೋಸ್‌ನ ಒಂದು ದೊಡ್ಡ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು ಅಪ್‌ಡೇಟ್ ಕೊಟ್ಟಿತು. ಅದೇ ದೋಷದ ಮೂಲಕ ವಾನಾಕ್ರೈ ನುಗ್ಗಿದ್ದು ಮೇ 12ರಂದು. ಮಧ್ಯೆ 59 ದಿನ! ಆದ್ರೂ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 19,000ಕ್ಕೂ ಹೆಚ್ಚು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು ಅಂತ ಅಂದಾಜು. ಆ ರೋಗಿಗಳು ಯಾವ ಬಟನ್ನೂ ಒತ್ತಿರಲಿಲ್ಲ.

ನನ್ನ ವಾದ ಇರೋದು ಇಲ್ಲೇ. ವಾನಾಕ್ರೈ ಹರಡೋಕೆ ಯಾರೂ ಲಿಂಕ್ ಕ್ಲಿಕ್ ಮಾಡಬೇಕಾಗಿರಲಿಲ್ಲ. ಒಂದು ಯಂತ್ರಕ್ಕೆ ಬಂದ್ರೆ, ಅದೇ ನೆಟ್‌ವರ್ಕ್‌ನಲ್ಲಿ ಅಪ್‌ಡೇಟ್ ಆಗದ ಇನ್ನೊಂದಕ್ಕೆ ತಾನಾಗೇ ಹಾರ್ತಿತ್ತು. ಹಾಸ್ಟೆಲ್ ವೈಫೈನಲ್ಲಿ ಕೂತಿರೋ ನಿಮ್ಮ ಲ್ಯಾಪ್‌ಟಾಪ್ ನಿಮ್ಮೊಬ್ಬರದ್ದೇ ವಿಷಯ ಅಲ್ಲ. ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಹಿಡಿಯೋದು ಪಕ್ಕದವರಿಗೋಸ್ಕರ ತಾನೇ? ಅಪ್‌ಡೇಟೂ ಹಾಗೇ.

🏥 ಹಾಗಂತ ಅಪ್‌ಡೇಟ್ ಒಂದೇ ಸಾಲದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ದಾಳಿಯಾದಾಗ ನೋಂದಣಿ, ಲ್ಯಾಬ್ ರಿಪೋರ್ಟ್ ಎಲ್ಲ ದಿನಗಟ್ಟಲೆ ಕೈಬರಹಕ್ಕೆ ಇಳಿಯಿತು. ನೆಟ್‌ವರ್ಕನ್ನ ಸರಿಯಾಗಿ ಬೇರೆ ಬೇರೆ ಮಾಡಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಕೊನೆಗೆ ಕೈಹಿಡಿದದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್.

“ಅಪ್‌ಡೇಟ್ ಡೇಟಾ ತಿನ್ನುತ್ತೆ, ಕೆಲಸದ ಮಧ್ಯೆ ರೀಸ್ಟಾರ್ಟ್ ಆಗುತ್ತೆ” ಅನ್ನೋ ದೂರು ಸುಳ್ಳಲ್ಲ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ನೀವು ಕೆಲಸ ಮಾಡೋ ಸಮಯ ಹಾಕಿಡಿ, ಆ ಹೊತ್ತಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗಲ್ಲ. ಇನ್ನು ಈ ವಾರ ಇಷ್ಟು ಮಾಡಿ:

✅ ಬಾಕಿ ಇರೋ ಅಪ್‌ಡೇಟ್ ಮುಗಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ನಿಮ್ಮದು ಯಾವುದು ನೋಡ್ಕೊಳ್ಳಿ.
✅ ಮುಖ್ಯ ಫೈಲ್‌ಗಳ ಒಂದು ಪ್ರತಿ ಹಾರ್ಡ್‌ಡಿಸ್ಕ್‌ಗೆ ಹಾಕಿ, ಆಮೇಲೆ ಅದನ್ನ ಕಿತ್ತು ಎತ್ತಿಡಿ. ಸಿಕ್ಕಿಸೇ ಬಿಟ್ರೆ ಅದಕ್ಕೂ ಬೀಗ ಬೀಳುತ್ತೆ.
✅ ಕ್ರ್ಯಾಕ್ ಸಾಫ್ಟ್‌ವೇರ್ ಬೇಡ. “ಮೊದಲು ಆ್ಯಂಟಿವೈರಸ್ ಆಫ್ ಮಾಡಿ” ಅಂತ ಹೇಳೋ ಫೈಲ್ ಮೇಲೆ ಅದೆಂಥಾ ನಂಬಿಕೆ?
✅ ಸಿಕ್ಕಿಬಿದ್ರೆ ತಕ್ಷಣ ವೈಫೈ ಆಫ್ ಮಾಡಿ, 1930ಕ್ಕೆ ಫೋನ್ ಮಾಡಿ. ದುಡ್ಡು ಕೊಟ್ಟ ಮಾತ್ರಕ್ಕೆ ಫೈಲ್ ವಾಪಸ್ ಬರುತ್ತೆ ಅನ್ನೋ ಖಾತ್ರಿ ಇಲ್ಲ.

ಕೊನೇ ಮಾತು ಕಾಲೇಜುಗಳಿಗೆ. “ಸೈಬರ್ ಜಾಗೃತಿ” ಅಂತ ಬ್ಯಾನರ್ ಕಟ್ಟಿ ಫೋಟೋ ತೆಗೆಸ್ಕೊಂಡ್ರೆ ಆಯ್ತಾ? ಇಡೀ ಕ್ಲಾಸಿನ ಪೆನ್‌ಡ್ರೈವ್ ಓಡಾಡೋ ಲ್ಯಾಬ್ ಸಿಸ್ಟಮ್‌ಗಳು ಹಳೇ ವಿಂಡೋಸ್‌ನಲ್ಲೇ ಇದ್ರೆ ನಾವು ಮನೇಲಿ ಮಾಡಿದ ಅಪ್‌ಡೇಟ್ ಅರ್ಧ ಕೆಲಸ ಅಷ್ಟೇ. ಮುಂದಿನ ಪ್ರಾಕ್ಟಿಕಲ್‌ಗೆ ಹೋದಾಗ ಲ್ಯಾಬ್‌ನವರನ್ನ ವಿನಯವಾಗೇ ಕೇಳಿ: “ಸರ್, ಈ ಸಿಸ್ಟಮ್ ಕೊನೇ ಸಲ ಅಪ್‌ಡೇಟ್ ಆಗಿದ್ದು ಯಾವಾಗ?” ಅವರು ಕೊಟ್ಟ ಉತ್ತರ ಕಾಮೆಂಟ್‌ನಲ್ಲಿ ಬರೀರಿ, ಕಾಲೇಜಿನ ಹೆಸರು ಬೇಡ 🙂

#ಸೈಬರ್‌ಸರಣಿ #ಆಮೇಲೆಬೇಡ #ಕನ್ನಡದಲ್ಲಿಟೆಕ್