ಆಟ ಕಟ್ಟುವವರ ಹೆಸರು

ನಮ್ಮ ಕರಾವಳಿಯಲ್ಲಿ ಯಕ್ಷಗಾನ ಪ್ರದರ್ಶನಕ್ಕೆ ‘ಆಟ’ ಎಂದೇ ಹೆಸರು. ಬಾಲ್ಯದಲ್ಲಿ ಗದ್ದೆಯ ಬಯಲಿನಲ್ಲಿ ಚಾಪೆ ಹಾಸಿ ಇರುಳೆಲ್ಲ ಆಟ ನೋಡಿ ಬೆಳೆದವರಲ್ಲಿ ನಾನೂ ಒಬ್ಬ. ನೋಡುವವನಿಗೆ ಅದು ವಿನೋದ; ಬಣ್ಣ ಹಚ್ಚಿದವನಿಗೆ ದುಡಿಮೆ. ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಚೌಕಿಯಲ್ಲಿ ಮುಖದ ಬಣ್ಣ ಒರೆಸಿಕೊಂಡು, ಮರುಸಂಜೆಗೆ ಮತ್ತೊಂದು ಊರಿಗೆ ಹೊರಡುವ ಕಲಾವಿದರ ಆಯಾಸವನ್ನು ಹತ್ತಿರದಿಂದ ಕಂಡಿದ್ದೇನೆ. ಇಷ್ಟು ತಿಳಿದವನಾಗಿಯೂ, ಪುಣೆಯ ವಿಡಿಯೋ ಗೇಮ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತೆಂದು ಮಗಳು ಹೇಳಿದ ದಿನ ನಾನು ನಕ್ಕುಬಿಟ್ಟೆ. “ಸಂಬಳ ಕೊಟ್ಟು ಆಟ ಆಡಿಸುವವರೂ ಉಂಟಾ?” ಎಂದು ಕೇಳಿದೆ. ಆ ನಗುವಿಗಾಗಿ ಇಂದು ನಾಚುತ್ತೇನೆ. ಈ ಲೇಖನಕ್ಕೆ ಆ ನಾಚಿಕೆಯೇ ಪ್ರೇರಣೆ. ಮೂವತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಾನು ಇಲ್ಲಿ ಬರೆಯುತ್ತಿರುವುದು ಒಬ್ಬ ತಂದೆಯಾಗಿ. ನನ್ನ ಇಲಾಖೆಗೂ ಈ ಅಭಿಪ್ರಾಯಗಳಿಗೂ ಸಂಬಂಧವಿಲ್ಲ.

ಆಕೆ ಸೇರಿದ್ದು ಪರೀಕ್ಷಕಿಯಾಗಿ. “ಆಡುವುದಲ್ಲ ಅಪ್ಪ, ಆಟ ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದು,” ಎಂದು ವಿವರಿಸಿದಳು. ಪರದೆಯ ಮೇಲಿನ ಒಂದು ಕೋಟೆಯ ಗೋಡೆಗೆ ನಾಯಕನನ್ನು ನೂರು ಸಲ ಡಿಕ್ಕಿ ಹೊಡೆಸಬೇಕು. ಒಮ್ಮೆ ಅವನು ಗೋಡೆಯೊಳಗೆ ಹೊಕ್ಕು ಮಾಯವಾದರೆ, ಯಾವ ಹೆಜ್ಜೆಗಳ ನಂತರ ಹಾಗಾಯಿತೆಂದು ಕ್ರಮವಾಗಿ ಬರೆದು ದಾಖಲಿಸಬೇಕು. ಪ್ರೋಗ್ರಾಮರ್ ಅದನ್ನು ಸರಿಪಡಿಸಿದ ಮೇಲೆ ಮತ್ತೆ ಅದೇ ಗೋಡೆ. ಒಂದು ದೋಷ ಸರಿಯಾದಾಗ ಬೇರೆಡೆ ಮತ್ತೊಂದು ಹುಟ್ಟುವುದುಂಟು. ಆದ್ದರಿಂದ ನಿನ್ನೆ ನೋಡಿದ್ದನ್ನೆಲ್ಲ ಇಂದು ಪುನಃ ನೋಡಬೇಕು. ಇದನ್ನು ಕೇಳಿದಾಗ ನನಗೆ ಹೊಳೆದದ್ದು ಇಷ್ಟೆ: ಇದು ನನ್ನ ವೃತ್ತಿಯೇ. ವೋಚರುಗಳನ್ನು ಒಂದೊಂದಾಗಿ ತಿರುವಿ ಆಕ್ಷೇಪಣೆ ಬರೆಯುವ ಲೆಕ್ಕಪರಿಶೋಧಕನ ಕೆಲಸಕ್ಕೂ ಇದಕ್ಕೂ ಸ್ವಭಾವದಲ್ಲಿ ಭೇದವಿಲ್ಲ. ಅದೇ ತಾಳ್ಮೆ, ಅದೇ ಬೇಸರ.

ಭೇದವಿರುವುದು ಬೇರೆಡೆ. ಆಟದ ಒಡೆತನ ಹೊರದೇಶದ್ದು. ಇಲ್ಲಿಯದು ಗುತ್ತಿಗೆ ಕೆಲಸ. ತಾನು ಯಾವ ಆಟಕ್ಕೆ ದುಡಿಯುತ್ತಿದ್ದೇನೆಂದು ಹೆತ್ತವರಿಗೂ ಹೇಳಬಾರದೆಂಬ ಕರಾರಿಗೆ ಆಕೆ ಸಹಿ ಹಾಕಿದ್ದಳು. ಬಿಡುಗಡೆಯ ದಿನ ಸಮೀಪಿಸಿದಂತೆ ಭಾನುವಾರಗಳು ಕರಗಿದವು, ರಾತ್ರಿ ಊಟ ಕಚೇರಿಯಲ್ಲೇ ಆಯಿತು. ಈ ಕಡೆಯ ತಿಂಗಳುಗಳ ಹೊರೆಗೆ ಆ ಉದ್ಯಮದಲ್ಲಿ ‘ಕ್ರಂಚ್’ ಎಂಬ ಹೆಸರೇ ಇದೆ. “ಆದೇಶ ಯಾರದು?” ಎಂದು ಕೇಳಿದರೆ, “ಆದೇಶ ಎಂಬುದಿಲ್ಲ ಅಪ್ಪ. ಎಲ್ಲರೂ ಕೂರುತ್ತಾರೆ, ಏಳುವುದು ಹೇಗೆ?” ಎಂದಳು. ರಜಾದಿನ ಕೆಲಸ ಮಾಡಿದರೆ ಬದಲಿ ರಜೆ ಸಿಗುವ ಕಚೇರಿಯಲ್ಲಿ ಆಯುಷ್ಯ ಕಳೆದ ನನಗೆ ಈ ಉತ್ತರ ದಿಗಿಲು ಹುಟ್ಟಿಸಿತು. ಲಿಖಿತ ಆದೇಶವನ್ನಾದರೆ ಪ್ರಶ್ನಿಸಬಹುದು. ಇಲ್ಲದ ಆದೇಶವನ್ನು ಪ್ರಶ್ನಿಸುವ ಬಗೆ ಯಾವುದು?

ಎರಡು ವರ್ಷಗಳ ಕರಾರು ಬಿಡುಗಡೆಗೆ ಏಳು ವಾರ ಮೊದಲು ಮುಗಿಯಿತು, ಅದನ್ನು ನವೀಕರಿಸಲಿಲ್ಲ. ಆಟ ಹೊರಬಂದ ಮೇಲೆ ನನ್ನ ಅಣ್ಣನ ಮಗ ಅದನ್ನು ಕೊಂಡು ತಂದ. ಅದರ ಕೊನೆಯಲ್ಲಿ ಸಿನಿಮಾದಂತೆ ದುಡಿದವರ ಹೆಸರುಗಳು ಸಾಗುತ್ತವೆ. ಮನೆಮಂದಿಯೆಲ್ಲ ಕುಳಿತು ಇಪ್ಪತ್ತು ನಿಮಿಷ ಆ ಪಟ್ಟಿಯನ್ನು ನೋಡಿದೆವು. ಲೆಕ್ಕ ಬರೆದವರ ಹೆಸರಿತ್ತು, ಕ್ಯಾಂಟೀನ್ ನಡೆಸಿದವರ ಹೆಸರಿತ್ತು; ಆಕೆಯ ಹೆಸರಿರಲಿಲ್ಲ. ಬಿಡುಗಡೆಯ ದಿನ ನೌಕರಿಯಲ್ಲಿ ಇದ್ದವರಿಗಷ್ಟೇ ಅಲ್ಲಿ ಜಾಗವಂತೆ. ಮಗಳು ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಹೆಸರಿನ ಈ ಜಗಳ ಆ ಉದ್ಯಮದಷ್ಟೇ ಹಳೆಯದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಅಟಾರಿ ಕಂಪನಿ ತನ್ನ ಆಟಗಳನ್ನು ರಚಿಸಿದವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕುತ್ತಿರಲಿಲ್ಲ. ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದ ವಾರೆನ್ ರಾಬಿನೆಟ್, ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯೊಂದನ್ನು ಎತ್ತಿ ತಂದವನಿಗೆ ಮಾತ್ರ ತೆರೆಯುವ ಗುಪ್ತ ಕೋಣೆಯನ್ನು ಕಟ್ಟಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟ. ಅದು ಬೆಳಕಿಗೆ ಬರುವ ಹೊತ್ತಿಗೆ ಆತ ಕಂಪನಿ ಬಿಟ್ಟಾಗಿತ್ತು. ಅದೇ ಅಟಾರಿಯ ನಾಲ್ವರು ಪ್ರೋಗ್ರಾಮರುಗಳು ಮನ್ನಣೆ ಮತ್ತು ವೇತನಗಳ ಬಗೆಗಿನ ಅಸಮಾಧಾನದಿಂದ ಹೊರನಡೆದು, 1979ರಲ್ಲಿ ಆಕ್ಟಿವಿಷನ್ ಸಂಸ್ಥೆಯ ಹುಟ್ಟಿಗೆ ಕಾರಣರಾದರು. ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿದ್ದನ್ನು ಬೇಲೂರಿನಲ್ಲಿ ಕಂಡ ನಮಗೆ ಈ ಹಂಬಲ ಅಪರಿಚಿತವೇನಲ್ಲ.

ವೇಳೆಯ ಜಗಳವೂ ಹೊಸದಲ್ಲ. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ನೌಕರನೊಬ್ಬನ ಭಾವೀ ಪತ್ನಿ, ಆತ ಮನೆಗೆ ಮರಳುವ ಸ್ಥಿತಿಯನ್ನು ವಿವರಿಸಿ ಬಹಿರಂಗ ಪತ್ರ ಬರೆದರು. ಹೆಚ್ಚುವರಿ ವೇಳೆಯ ವೇತನದ ಬಗ್ಗೆ ಹೂಡಲಾಗಿದ್ದ ದಾವೆಗಳು ಮುಂದಿನ ಎರಡು ವರ್ಷಗಳಲ್ಲಿ ಇತ್ಯರ್ಥವಾಗಿ, ಕಂಪನಿ ಒಟ್ಟು ಸುಮಾರು 3 ಕೋಟಿ ಡಾಲರ್ ತೆರಬೇಕಾಯಿತು. 2022ರ ಮೇ ತಿಂಗಳಲ್ಲಿ ರೇವನ್ ಸಾಫ್ಟ್‌ವೇರ್‌ನ ಪರೀಕ್ಷಕರು, ಅಂದರೆ ನನ್ನ ಮಗಳ ವರ್ಗದವರೇ, ಮತ ಚಲಾಯಿಸಿ ಸಂಘ ಕಟ್ಟಿಕೊಂಡರು. ಆದರೂ ಅಭದ್ರತೆ ಅಳಿದಿಲ್ಲ: 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದ 1,900 ಜನರನ್ನು ಒಮ್ಮೆಗೇ ಕೈಬಿಡುವುದಾಗಿ ಪ್ರಕಟಿಸಿತು.

ಇಲ್ಲೊಂದು ಎದುರುಮಾತನ್ನು ನ್ಯಾಯವಾಗಿ ಎತ್ತಿಕೊಳ್ಳಬೇಕು. “ಯಾರೂ ಬಲವಂತವಾಗಿ ದೂಡಲಿಲ್ಲ; ಪ್ರೀತಿಯಿಂದ ಆರಿಸಿಕೊಂಡ ವೃತ್ತಿ, ಸರ್ಕಾರಿ ಗುಮಾಸ್ತನಿಗಿಂತ ಹೆಚ್ಚಿನ ಆರಂಭಿಕ ಸಂಬಳ; ಗೊಣಗುವುದೇಕೆ?” ಎಂದು ಮಿತ್ರರೊಬ್ಬರು ಕೇಳಿದರು. ಪ್ರೀತಿ ನಿಜ. ಮಗಳ ಕಣ್ಣಿನ ಹೊಳಪನ್ನು ನಾನು ಕಂಡಿದ್ದೇನೆ. ಆದರೆ ಕೆಲಸದ ಮೇಲಿನ ಪ್ರೀತಿಯನ್ನು ವೇತನದಿಂದ ಕಳೆಯಬೇಕಾದ ಬಾಬ್ತು ಎಂದು ಎಣಿಸುವುದು ತಪ್ಪು ಲೆಕ್ಕ. 1948ರ ಕಾರ್ಖಾನೆ ಕಾಯ್ದೆ ವಾರದ ದುಡಿಮೆಗೆ 48 ಗಂಟೆಗಳ ಮಿತಿಯನ್ನೂ ಹೆಚ್ಚುವರಿ ವೇಳೆಗೆ ಇಮ್ಮಡಿ ವೇತನವನ್ನೂ ವಿಧಿಸಿದಾಗ, ನೇಕಾರನಿಗೆ ಮಗ್ಗದ ಮೇಲೆ ಪ್ರೀತಿ ಇದೆಯೇ ಇಲ್ಲವೇ ಎಂದು ಯಾರೂ ವಿಚಾರಿಸಲಿಲ್ಲ. ದಣಿವು ದೇಹದ ಧರ್ಮ; ಕುರ್ಚಿ ಮೆತ್ತಗಿದ್ದ ಮಾತ್ರಕ್ಕೆ ಅದು ಬದಲಾಗದು.

ಇನ್ನೊಂದು ಗೊಂದಲವನ್ನೂ ನಿವಾರಿಸಬೇಕು. ನಮ್ಮ ಹಿರಿಯರಲ್ಲಿ ಹಲವರಿಗೆ ಗೇಮ್ ಎಂದೊಡನೆ ಜೂಜು ನೆನಪಾಗುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದ್ದು ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು. ಕಥೆ, ಚಿತ್ರ, ಸಂಗೀತಗಳಿಂದ ಕಟ್ಟುವ ಆಟಗಳನ್ನಲ್ಲ. ಇವಕ್ಕೆ ಸರ್ಕಾರಗಳ ಪ್ರೋತ್ಸಾಹವೇ ಇದೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ ಕರ್ನಾಟಕ 2012ರಲ್ಲೇ ನೀತಿಯೊಂದನ್ನು ಪ್ರಕಟಿಸಿತು. 2022ರ ಕೇಂದ್ರ ಮುಂಗಡಪತ್ರ ಈ ಕ್ಷೇತ್ರಕ್ಕೊಂದು ಕಾರ್ಯಪಡೆಯನ್ನು ಘೋಷಿಸಿತು. ಸಂತೋಷ. ಆದರೆ ಎಷ್ಟು ಉದ್ಯೋಗಗಳೆಂಬ ಪ್ರಶ್ನೆಯ ಪಕ್ಕದಲ್ಲಿ ಎಂಥ ಉದ್ಯೋಗಗಳೆಂಬ ಪ್ರಶ್ನೆಯನ್ನೂ ಇಡಬೇಕಾಗಿದೆ.

ಹೊರನಾಡ ಕನ್ನಡ ಸಂಘಕ್ಕೆ ಇದರಲ್ಲಿ ಏನು ಕೆಲಸ ಎಂದು ಓದುಗರು ಕೇಳಬಹುದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನೆಯೋಣ. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು ಮೇಜು ಒರೆಸಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಹಿರಿಯರು, ‘ಅದು ಅವರ ಹಣೆಬರಹ’ ಎಂದು ಕೈಕಟ್ಟಿ ಕೂರಲಿಲ್ಲ. ಇಂದು ನಮ್ಮ ಮಕ್ಕಳು ಓದು ಮುಗಿಸಿಯೇ ಬರುತ್ತಾರೆ. ಆದರೆ ಇಪ್ಪತ್ಮೂರರ ಹರೆಯದಲ್ಲಿ, ಇಂಗ್ಲಿಷಿನ ಹದಿನಾಲ್ಕು ಪುಟಗಳ ಕರಾರನ್ನು ಓದದೆ ಸಹಿ ಹಾಕುತ್ತಾರೆ. ಅವರಿಗೆ ಬೇಕಾದ ರಾತ್ರಿ ಶಾಲೆ ಇದು. ನಮ್ಮಲ್ಲಿ ವಕೀಲರಿದ್ದಾರೆ, ಕಾರ್ಮಿಕ ಇಲಾಖೆಯ ನಿವೃತ್ತರಿದ್ದಾರೆ. ರಾಜ್ಯೋತ್ಸವದ ಸನ್ಮಾನಗಳಿಗೆ ವ್ಯಯಿಸುವ ಶ್ರಮದ ಒಂದಂಶವನ್ನು ತಿಂಗಳಿಗೊಂದು ಭಾನುವಾರ ಈ ಮಕ್ಕಳ ಕರಾರುಗಳನ್ನು ಜೊತೆ ಕೂತು ಓದಲು ಕೊಟ್ಟರೆ ಸಾಕು. ಹೆಚ್ಚುವರಿ ವೇಳೆಯ ದಾಖಲೆ ಇಡುತ್ತಾರೆಯೇ? ಬಿಡುವ ಮುನ್ನ ಎಷ್ಟು ದಿನದ ಸೂಚನೆ? ಮಧ್ಯದಲ್ಲಿ ಹೊರಬಂದರೂ ಹೆಸರು ಉಳಿಯುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಸಹಿಗೆ ಮೊದಲು ಕೇಳುವ ಧೈರ್ಯವನ್ನು ಅವರಲ್ಲಿ ತುಂಬಿದರೂ ಸಂಘ ತನ್ನ ಹಳೆಯ ಧರ್ಮವನ್ನು ಪಾಲಿಸಿದಂತೆ.

ಮಗಳಿಗೆ ಈಗ ಅದೇ ಊರಿನ ಬೇರೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಈ ಬಾರಿ ಕರಾರನ್ನು ಮೊದಲು ನನಗೆ ಕಳಿಸಿದಳು. ಅಭ್ಯಾಸಬಲದಿಂದ ಹಸಿರು ಶಾಯಿಯಲ್ಲಿ ಮೂರು ಕಡೆ ಗುರುತು ಹಾಕಿ ಹಿಂದಿರುಗಿಸಿದೆ. ಎರಡಕ್ಕೆ ಲಿಖಿತ ಉತ್ತರ ಬಂತು. ಹೆಸರಿನ ಪ್ರಶ್ನೆಗೆ ಇನ್ನೂ ಬಂದಿಲ್ಲ. ಆಕೆ ಮತ್ತೊಂದು ಪತ್ರ ಬರೆದಿದ್ದಾಳೆ.